ಮಾವನಿಗೊಂದು ಒಳ್ಳೆ ಕಾಪಿ

ನಾನು ನಂಜನಗೂಡಿನವನು, ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳಗಳ ಕ್ವಾಲಿಟಿ ನೋಡುವವನು. ಕೂದಲೆಳೆಯಷ್ಟು ಗೀರು ಕಂಡರೂ ಸಾಕು, ಆ ಮುಚ್ಚಳವನ್ನು ಎತ್ತಿ ಕೆಂಪು ಡಬ್ಬಿಗೆ ಹಾಕುತ್ತೇನೆ. ನನ್ನ ಕಣ್ಣು ತಪ್ಪಿಸಿ ಕೆಟ್ಟ ಮುಚ್ಚಳವೊಂದು ನಂಜನಗೂಡು ದಾಟಿದ ಉದಾಹರಣೆ ಇಲ್ಲ. ಇಂಥ ಕಣ್ಣಿನ ಮನುಷ್ಯ ಒಂದು ಸಿನಿಮಾದ ಒಳ್ಳೆ ಕಾಪಿ ಹುಡುಕಿ ಮಾವನಿಗೆ ತೋರಿಸುವುದು ಏನು ಮಹಾ? ಹಾಗೆಂದುಕೊಂಡೇ ಶುರು ಮಾಡಿದೆ. ಶುರು ಮಾಡಿದ್ದೇ ತಪ್ಪು!

ಸಿನಿಮಾ ಅಂದರೆ ಇಂದಿನದಲ್ಲ. ಹಳೇ ಕಾಲದ, ಕಪ್ಪು ಬಿಳುಪಿನ, ಜಪಾನಿನ ಕತ್ತಿವೀರರ ಸಿನಿಮಾ. ಸಮುರಾಯ್ ಅನ್ನುತ್ತಾರಲ್ಲ, ಅವರದು. ಕಂಪನಿ ಬಸ್ಸಿನಲ್ಲಿ ಹೋಗುವಾಗ ಬರುವಾಗ ಫೋನಿನಲ್ಲಿ ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. ಆ ವೀರನಿಗೆ ಧಣಿ ಇಲ್ಲ, ಕೆಲಸವಿಲ್ಲ, ಅಂಗಿಯ ಹೆಗಲು ಹರಿದಿದೆ, ಹೊಟ್ಟೆ ಖಾಲಿ. ಆದರೂ ಬೆನ್ನು ಮಾತ್ರ ನೆಟ್ಟಗೆ. ಗಾಳಿ ಬೀಸುತ್ತದೆ, ಧೂಳು ಏಳುತ್ತದೆ, ಇಬ್ಬರು ಎದುರುಬದುರು ನಿಲ್ಲುತ್ತಾರೆ. ಮಾತಿಲ್ಲ, ಹಾಡಿಲ್ಲ. ಸರಕ್ಕನೆ ಒಂದೇ ಏಟು. ಆ ನಿಲ್ಲುವುದರಲ್ಲೇ ಎಲ್ಲಾ ಇದೆ ಎಂದು ನನ್ನ ನಂಬಿಕೆ. ನನ್ನ ಹೆಂಡತಿ ರತ್ನಳ ನಂಬಿಕೆಯೇ ಬೇರೆ.

"ಇಬ್ಬರು ಗಂಡಸರು ಕೆಲಸ ಬಿಟ್ಟು ಬೀದಿಲಿ ನಿಂತ್ಕೊಳ್ಳೋದನ್ನ ದುಡ್ಡು ಕೊಟ್ಟು ಬೇರೆ ನೋಡಬೇಕೇನ್ರೀ? ಬಸ್ ಸ್ಟ್ಯಾಂಡಿಗೆ ಹೋದ್ರೆ ಪುಕ್ಕಟೆ ಕಾಣ್ತದೆ."

ಈಗ ಮಾವನ ವಿಷಯ. ಅವರು ಪುಟ್ಟಮಾದಪ್ಪನವರು, ತಿರುಮಕೂಡಲು ನರಸೀಪುರದವರು. ಕಪಿಲೆ ನಮ್ಮೂರಿಂದ ಹರಿದು ಅವರೂರಿಗೆ ಹೋಗುತ್ತಾಳೆ, ರತ್ನ ಮಾತ್ರ ಅವರೂರಿಂದ ಎದುರು ಈಜಿ ನಮ್ಮನೆಗೆ ಬಂದಳು. ಮಾವ ಬೆಲ್ಲದ ವ್ಯಾಪಾರಿ. ಆದರೆ ಊರಲ್ಲಿ ಯಾರನ್ನು ಕೇಳಿದರೂ 'ಗದೆ ಮಾದಪ್ಪನವರು' ಎಂದೇ ಹೇಳುವುದು. ಪೌರಾಣಿಕ ನಾಟಕ ಎಂದರೆ ಗದೆ ಹಿಡಿಯುವ ಪಾತ್ರ ಅವರದೇ. ಒಳಗಿನಿಂದ ಹಾರ್ಮೋನಿಯಂ ಏರುತ್ತಿದ್ದಂತೆ ಗದೆ ತಿರುಗಿಸುತ್ತಾ ಹಾರಿ ಬಂದು ಹಲಗೆಯ ಮೇಲೆ ಧೊಪ್ಪನೆ ಇಳಿದರೆ ಮುಂದೆ ಕೂತವರ ಎಲೆಯಡಿಕೆ ಬಾಯಿಂದ ಬೀಳಬೇಕು! ಜನ 'ವನ್ಸ್ ಮೋರ್' ಎಂದು ಕೂಗಿದರೆ ಯುದ್ಧ ಅಲ್ಲಿಗೇ ನಿಲ್ಲಿಸಿ, ಒಳಗೆ ಹೋಗಿ, ಮತ್ತೆ ಹಾರಿ ಬರುತ್ತಿದ್ದರು.

ಮಾವ ಯಾರನ್ನಾದರೂ ಮೆಚ್ಚಿದರೆ 'ಬೇಷ್' ಅನ್ನುತ್ತಾರೆ. ಅಷ್ಟೇ, ಒಂದೇ ಮಾತು. ನಾಯಿಗೆ ಅಂದಿದ್ದಾರೆ, ಎತ್ತಿಗೆ ಅಂದಿದ್ದಾರೆ, ನಮ್ಮನೆಯ ಮಿಕ್ಸಿಗೂ ಅಂದಿದ್ದಾರೆ. ನನಗೆ ಅಂದಿಲ್ಲ. ಕಾರಣ ಉಂಟು. ಮದುವೆಯಾದ ಹೊಸದರಲ್ಲಿ ಅಳಿಯನೆಂಬ ಪ್ರೀತಿಗೆ ನಾಟಕದಲ್ಲಿ ನನಗೊಂದು ಕಾವಲುಗಾರನ ಪಾತ್ರ ಕೊಡಿಸಿದ್ದರು. ಇದ್ದದ್ದು ಒಂದೇ ಮಾತು: "ಅಪ್ಪಣೆ, ಪ್ರಭು." ದೀಪಗಳು ಮುಖಕ್ಕೆ ಬಿದ್ದವು, ಅಪ್ಪಣೆಯೂ ಮರೆತುಹೋಯಿತು, ಪ್ರಭುವೂ ಮರೆತುಹೋದರು. ಭರ್ಜಿ ಹಿಡಿದು ಹಾಗೇ ನಿಂತೆ. ಕೊನೆಗೆ ಪ್ರಭುವೇ ಬಂದು ತೋಳು ಹಿಡಿದು ಒಳಗೆ ಕಳಿಸಿದರು. ಅಂದಿನಿಂದ ಮಾವ ನನ್ನನ್ನು ತುಂಬಾ ಮರ್ಯಾದೆಯಿಂದ 'ಅಳಿಯಂದ್ರೆ' ಎನ್ನುತ್ತಾರೆ. ಬೇಷ್ ಎನ್ನುವುದಿಲ್ಲ.

ಈ ವರ್ಷ ತಾಲೀಮಿನಲ್ಲಿ ಹಾರುವಾಗ ಮಾವನ ಮಂಡಿ ಹಿಡಿದುಕೊಂಡಿತು. ಹಾರ್ಮೋನಿಯಂ ಮೇಷ್ಟ್ರು ಬಂದು, "ಯಜಮಾನ್ರೇ, ಈ ಸಲ ಗದೆನ ನಂಜುಂಡನಿಗೆ ಬುಡನ" ಎಂದರಂತೆ. ನಂಜುಂಡ ಎಂದರೆ ಸಿಮೆಂಟ್ ಅಂಗಡಿಯ ಹುರಿಯಾಳು. ನಾಟಕದಲ್ಲಿ ಮಾವನ ಎದುರಾಳಿಯ ಪಾತ್ರ ಅವನದು. ಮಾವ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಂದಿನ ತಾಲೀಮಿಗೆ ನೋಡೋಣ ಎಂದು ಮಂಡಿ ತೋರಿಸಲು ನಮ್ಮೂರಿಗೆ ಬಂದರು. ಡಾಕ್ಟರು, "ಹಾರೋದು ಮರೆತುಬಿಡಿ" ಎಂದರು. ಮನೆಗೆ ಬಂದ ಮಾವ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಕೆಲವು ದಿನ ನಮ್ಮಲ್ಲೇ ಉಳಿದರು.

ರತ್ನ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪ ಮುದ್ದೆ ಬಿಟ್ಟಿದ್ದು ನಾನು ಕಂಡೇ ಇಲ್ಲ ಕಣ್ರೀ. ಆ ಗದೆ ಹೋದ್ರೆ ಅವರು ಹಾಸಿಗೆ ಹಿಡಿತಾರೆ. ಏನಾದ್ರೂ ಮಾಡಿ."

ನನ್ನ ತಲೆಗೆ ಮಿಂಚು ಹೊಡೆಯಿತು. ನನಗೆ ಗೊತ್ತಿದ್ದ ಒಂದು ಸಿನಿಮಾದಲ್ಲಿ ವಯಸ್ಸಾದ ಸಮುರಾಯ್ ಒಬ್ಬ, ಕುಣಿದಾಡುವ ಹರೆಯದವನೊಬ್ಬನನ್ನು ಜೊಂಡು ಬೆಳೆದ ಬಯಲಿನಲ್ಲಿ ಎದುರಿಸುತ್ತಾನೆ. ಹಾರುವವನು ಸೋಲುತ್ತಾನೆ, ನಿಲ್ಲುವವನು ಗೆಲ್ಲುತ್ತಾನೆ. ಮಾವನಿಗೆ ಬೇಕಾದ ಔಷಧಿ ಡಾಕ್ಟರ ಬಳಿ ಇಲ್ಲ, ಜಪಾನಿನಲ್ಲಿದೆ!

ಆದರೆ ನಾನು ಅದನ್ನು ನೋಡಿದ್ದು ಫೋನಿನಲ್ಲಿ. ಅದರಲ್ಲಿ ಸಮುರಾಯ್ ಕಡಲೆಕಾಯಿ ಬೀಜದಷ್ಟಿದ್ದ. ಅದನ್ನೇ ಟಿವಿಗೆ ಹಾಕಿದರೆ ಎಲ್ಲರೂ ರಾಗಿ ಅಂಬಲಿಯಲ್ಲಿ ಈಜುತ್ತಿದ್ದಂತೆ ಕಂಡಿತು. ರಿಜೆಕ್ಟ್. ಪಕ್ಕದ ಮನೆಯ ಸಿದ್ದರಾಜು ಎಲ್ಲಿಂದಲೋ ಇನ್ನೊಂದು ಕಾಪಿ ಪೆನ್‌ಡ್ರೈವ್‌ಗೆ ತಂದ. ಅದರಲ್ಲಿ ಚಿತ್ರವನ್ನು ಅಡ್ಡಕ್ಕೆ ಎಳೆದುಬಿಟ್ಟಿದ್ದರು. ಊಟವಿಲ್ಲದೆ ಸೊರಗಿದ ವೀರರೆಲ್ಲ ಬೀಗರ ಮನೆಯಲ್ಲಿ ತಿಂಗಳು ಉಂಡು ಬಂದವರಂತಿದ್ದರು. ರಿಜೆಕ್ಟ್. ಮತ್ತೊಂದರಲ್ಲಿ ಮಾತನ್ನು ಬೇರೆ ಭಾಷೆಗೆ ಮಾಡಿದ್ದರು. ಒಬ್ಬನೇ ಪುಣ್ಯಾತ್ಮ ವೀರನಿಗೂ, ವಿಧವೆಗೂ, ಕುದುರೆಗೂ ಧ್ವನಿ ಕೊಟ್ಟಿದ್ದ! ಕುದುರೆಯದು ಮಾತ್ರ ಚೆನ್ನಾಗಿತ್ತು. ಆದರೂ ರಿಜೆಕ್ಟ್.

"ಸಾ, ಕತೆ ಗೊತ್ತಾದ್ರೆ ಸಾಲ್ದಾ? ಮುಚ್ಚಳ ನೋಡ್ದಂಗೆ ಪಿಚ್ಚರ್ ನೋಡ್ತಾ ಕುಂತ್ರೆ ಎಂಗೆ?" ಎಂದ ಸಿದ್ದರಾಜು.

ಸಾಲದು! ಈ ಸಿನಿಮಾಗಳಲ್ಲಿ ಕತೆ ಇರುವುದು ಅಂಗೈಯಷ್ಟು. ಮಿಕ್ಕಿದ್ದೆಲ್ಲ ಬೆಳಕು, ನೆರಳು, ಜೊಂಡಿನ ಅಲುಗಾಟ, ಚಳಿಯಲ್ಲಿ ಬಾಯಿಂದ ಬರುವ ಉಸಿರು. ಒಳ್ಳೆ ಕಾಪಿಯಲ್ಲಿ ಮಳೆಯ ಒಂದೊಂದು ಹನಿಯೂ ಬೇರೆ ಬೇರೆ ಬೀಳುತ್ತದೆ. ಕೆಟ್ಟ ಕಾಪಿಯಲ್ಲಿ ಮಳೆ ಬಂದರೆ ಸೊಳ್ಳೆ ಬಂದಂತೆ. ಇದನ್ನೆಲ್ಲ ನಾನು ಸಿದ್ದರಾಜುವಿಗೆ ಗೇಟಿನ ಹತ್ತಿರ ನಿಂತು ವಿವರಿಸಿದೆ. ಅವನು ಕವಲಂದೆಗೆ ಹೋಗುವ ಬಸ್ಸು ತಪ್ಪಿಸಿಕೊಂಡ.

ಕೊನೆಗೆ ಇಂಟರ್ನೆಟ್ಟಿನಲ್ಲಿ ಪರಿಚಯವಾದ ಬೆಂಗಳೂರಿನ ಸಿನಿಮಾ ಹುಚ್ಚರೊಬ್ಬರು ಮರುಗಿ ಒಂದು ಡಿಸ್ಕ್ ಕಳಿಸಿದರು. ಹಳೇ ರೀಲನ್ನು ಗೀರುಗೀರಾಗಿ ತೊಳೆದು ಸರಿಪಡಿಸಿ ಮಾಡಿದ ಕಾಪಿ. ಭಾನುವಾರ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಗೀರಿಲ್ಲ. ಕಣ್ಣು ತುಂಬಿ ಬಂತು. ಅಟ್ಟದಿಂದ ಹಳೇ ಪ್ಲೇಯರ್ ಇಳಿಸಿ ಧೂಳು ಕೊಡವಿದೆ.

"ಹೊಸ ಸಾಮಾನು, ಪೂಜೆ ಮಾಡಿ ಶುರು ಮಾಡಿ. ಅಪ್ಪನ ವಿಷಯ" ಎಂದಳು ರತ್ನ ಬಜ್ಜಿ ಹಿಟ್ಟು ಕಲಸುತ್ತಾ.

ನಮ್ಮನೆಗೆ ಸೈಕಲ್ ಬರಲಿ, ಕುಕ್ಕರ್ ಬರಲಿ, ಮೊದಲು ವಿಭೂತಿ ಕುಂಕುಮ, ಆಮೇಲೆ ಕೆಲಸ. ದೇವರ ಮುಂದೆ ಡಿಸ್ಕ್ ಇಟ್ಟು ಕೈಗೆ ವಿಭೂತಿ ತಗೊಂಡೆ. ಎಲ್ಲಿ ಹಚ್ಚುವುದು? ಇಲ್ಲಿ ನನ್ನ ವೃತ್ತಿಜೀವನದ ಸೂಕ್ಷ್ಮ ಬುದ್ಧಿಯೆಲ್ಲ ಕೆಲಸಕ್ಕೆ ಬಂತು. ಒಂದು ಮಗ್ಗುಲಲ್ಲಿ ಆ ವಯಸ್ಸಾದ ವೀರನ ಚಿತ್ರವಿತ್ತು. ಪರದೇಶದ ಹಿರಿಯರ ಮುಖಕ್ಕೆ ಕುಂಕುಮ ಬಳಿಯುವುದು ಮರ್ಯಾದೆಯೇ? ಅಲ್ಲ. ಇನ್ನೊಂದು ಮಗ್ಗುಲು ಕನ್ನಡಿಯಂತೆ ಖಾಲಿ ಹೊಳೆಯುತ್ತಿತ್ತು. ದೇವರೇ ಜಾಗ ಬಿಟ್ಟಂತೆ! ಶುಚಿಯಾಗಿ ಮೂರು ಬೆರಳು ವಿಭೂತಿ ಎಳೆದು, ನಡುವೆ ಒದ್ದೆ ಕುಂಕುಮವಿಟ್ಟು, ಆರತಿ ಎತ್ತಿ, ಪಂಚೆಯ ತುದಿಯಿಂದ ಭಕ್ತಿಪೂರ್ವಕವಾಗಿ ಒಂದು ಸಲ ಒರೆಸಿ ಪ್ಲೇಯರಿಗೆ ಹಾಕಿದೆ.

ಮಧ್ಯಾಹ್ನ ಮಾವ ಕುರ್ಚಿಯಲ್ಲಿ ಕೂತು, ಎಣ್ಣೆ ಹಚ್ಚಿದ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿದರು. ಸಿದ್ದರಾಜು ಬಾಗಿಲ ಹತ್ತಿರ ಕೂತ.

"ಕುಣಿತಾರಾ ಅಳಿಯಂದ್ರೆ?"

"ಇಲ್ಲ ಮಾವ."

"ಹಾಡ್ಕಂಡು ಯುದ್ಧ ಮಾಡ್ತಾರಾ?"

"ಹಾಡೂ ಇಲ್ಲ."

"ಹಾಡ್ದೆ ಎಂಗಪ್ಪಾ ಕೋಪ ಬಂದದೆ ಅಂತ ಗೊತ್ತಾಗದು?" ಎಂದು ಬೇಸರದಿಂದ ಒರಗಿದರು.

ಸಿನಿಮಾ ಶುರುವಾಯಿತು. ಆಹಾ, ಏನು ಚಿತ್ರ! ಬೂದು ಬಣ್ಣದಲ್ಲೇ ನೂರು ಬೂದು. ಮುದಿವೀರನ ಗಡ್ಡದ ಕೂದಲೂ ಕಾಣುತ್ತಿತ್ತು. ಮಾವ ಮೆಲ್ಲಗೆ ಮುಂದಕ್ಕೆ ಬಗ್ಗಿದರು. ಜೊಂಡಿನ ಬಯಲು ಬಂತು. ಹರೆಯದವನು ಕತ್ತಿ ಹಿರಿದು ಕೂಗಾಡಿದ. ಮುದಿಯ ಬಂದು ನಿಂತ. ಮೇಲೆ ಕೊಕ್ಕರೆಯೊಂದು ಹಾರಿತು. ಇಬ್ಬರೂ ನಿಂತರು.

"ನೋಡಿ ಮಾವ," ಎಂದು ಶುರುಮಾಡಿದೆ, "ಇದೇ ನೋಡಬೇಕಾದ್ದು! ನಮ್ಮಲ್ಲಿ ಕೋಪ ಬಂದರೆ ಹಾರುತ್ತೇವೆ. ಅವರಲ್ಲಿ ಕೋಪ ಬಂದರೆ ನಿಲ್ಲುತ್ತಾರೆ. ಈ ನಿಲ್ಲುವುದಿದೆಯಲ್ಲ, ಇದು ಹಾರುವುದಕ್ಕಿಂತ ಕಷ್ಟ. ಕಣ್ಣು ಮಿಟುಕಿಸಿದವನು ಸತ್ತ. ನೋಡಿ, ಮಿಟುಕಿಸುತ್ತಿಲ್ಲ!"

ಮಾವ ಮಿಟುಕಿಸದೆ ನೋಡಿದರು. ನಾನು ಮುಂದುವರಿಸಿದೆ. ಗಾಳಿಯ ಬಗ್ಗೆ ಹೇಳಿದೆ, ಮೌನದ ಬಗ್ಗೆ ಹೇಳಿದೆ, ಮುದಿಯನ ಕಾಲಿನ ಭಾರದ ಬಗ್ಗೆ ಹೇಳಿದೆ. ಟಿವಿಯಲ್ಲಿ ಇಬ್ಬರೂ ನಿಂತೇ ಇದ್ದರು. ರತ್ನ ಬಜ್ಜಿ ತಟ್ಟೆ ತಂದಿಟ್ಟು ಒಳಗೆ ಹೋಗಿ, ಇನ್ನೊಂದು ಒಬ್ಬೆ ಕರಿದು ತಂದಳು. ಇನ್ನೂ ನಿಂತಿದ್ದರು.

"ಸಾ, ಇದು ಹ್ಯಾಂಗ್ ಆಗ್ಬುಟ್ಟದೆ" ಎಂದ ಸಿದ್ದರಾಜು ಬಾಯಿ ತುಂಬ ಬಜ್ಜಿ ಇಟ್ಟುಕೊಂಡು.

"ಶ್! ಹ್ಯಾಂಗ್ ಅಲ್ಲ ಇದು. ಧ್ಯಾನ!" ಎಂದು ಗದರಿ ಟಿವಿ ಕಡೆ ತಿರುಗಿದೆ. ಆಗ ನನ್ನ ಕಣ್ಣು ಕೊಕ್ಕರೆಯ ಮೇಲೆ ಬಿತ್ತು.

ಅದು ರೆಕ್ಕೆ ಎತ್ತಿತ್ತು. ಬಹಳ ಹೊತ್ತಿನಿಂದ ಎತ್ತಿತ್ತು. ಇಳಿಸಿಯೇ ಇರಲಿಲ್ಲ!

ನನ್ನ ಬೆನ್ನಿನ ಮೇಲೆ ಬೆವರು ಇಳಿಯಿತು. ಸಮುರಾಯ್ ಧ್ಯಾನ ಮಾಡಬಹುದು, ಕೊಕ್ಕರೆ ಆಕಾಶದಲ್ಲಿ ನಿಂತು ಧ್ಯಾನ ಮಾಡೀತೇ? ಮಾವನ ಕಡೆ ಕದ್ದು ನೋಡಿದೆ. ಅವರು ಮಂಡಿ ನೋವು ಮರೆತು, ಕಾಲನ್ನು ಸ್ಟೂಲಿಂದ ಇಳಿಸಿ, ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಷ್ಟೋ ದಿನಗಳಿಂದ ಕಾಣದಿದ್ದ ಬೆಳಕು ಆ ಮುಖದಲ್ಲಿತ್ತು. ಈಗ 'ಮಾವ, ಡಿಸ್ಕ್ ಕೆಟ್ಟಿದೆ' ಅನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬಾಯಿ ಮುಚ್ಚದೆ ಇನ್ನಷ್ಟು ಮಾತಾಡಿದೆ! ನಿಂತ ನೀರಿನ ಆಳದ ಬಗ್ಗೆ ಹೇಳಿದೆ. ಬೆಟ್ಟ ಹಾರುತ್ತದೆಯೇ ಎಂದು ಕೇಳಿದೆ. ಕೊಕ್ಕರೆಯ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ.

ಇದ್ದಕ್ಕಿದ್ದಂತೆ ಪ್ಲೇಯರ್ ಕರ್ರ್ ಎಂದಿತು. ಚಿತ್ರ ಜಿಗಿಯಿತು. ನೋಡಿದರೆ ಹರೆಯದವನು ಜೊಂಡಿನಲ್ಲಿ ಬಿದ್ದಿದ್ದ, ಮುದಿಯ ಹೋಗುತ್ತಿದ್ದ.

"ಆಯ್! ನಿಂತ್ಕಂಡೇ ಕೆಡವ್ಬುಟ್ಟ! ಏಟೇ ಇಲ್ಲ!" ಎಂದು ಮಾವ ತೊಡೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರು.

"ಬೇಷ್."

ನನ್ನ ಜೀವನದ ಮೊದಲ ಬೇಷ್! ಅದನ್ನು ಅನುಭವಿಸುವಷ್ಟರಲ್ಲಿ ಮಾವ ಕೈ ಎತ್ತಿ ಕೂಗಿದರು: "ವನ್ಸ್ ಮೋರ್!"

ಎಲ್ಲಿಂದ ತರಲಿ? ಪ್ಲೇಯರ್ ತೆಗೆದು ಡಿಸ್ಕ್ ಹೊರಗೆಳೆದೆ. ಬೆರಳೆಲ್ಲ ಕೆಂಪಾಯಿತು. ಪಂಚೆಗೆ ಒರೆಸಿಕೊಂಡು, "ಮಿಷನ್ ಬಿಸಿಯಾಗಿದೆ ಮಾವ, ಇನ್ನೊಂದು ದಿನ" ಎಂದೆ. ಮಾವ ಆಗಲಿ ಎಂದರು. ಸಂಜೆ ಎರಡು ಮುದ್ದೆ ಉಂಡರು. ಬೆಳಿಗ್ಗೆ ನರಸೀಪುರದ ಬಸ್ಸು ಹತ್ತುವಾಗ ನನ್ನ ಭುಜ ಹಿಡಿದು, "ಬರೋ ಭಾನುವಾರ ತಾಲೀಮು. ನಾನು ಹಾರಕಿಲ್ಲ ಅಳಿಯಂದ್ರೆ. ನಿಲ್ತೀನಿ" ಎಂದರು.

ಬಸ್ಸು ಹೋಯಿತು. ನನ್ನ ಪ್ರಾಣವೂ ಅದರ ಹಿಂದೆ ಅರ್ಧ ದೂರ ಹೋಯಿತು.

ಮನೆಗೆ ಬಂದು ರತ್ನಳಿಗೆ ಎಲ್ಲಾ ಹೇಳಿದೆ. ಅವಳು ಡಿಸ್ಕಿನಲ್ಲಿ ಪ್ಲೇಯರ್ ಓದುವ, ಕುಂಕುಮ ಮೆತ್ತಿದ ಆ ಹೊಳೆಯುವ ಮಗ್ಗುಲನ್ನು ನೋಡಿ, ನನ್ನ ಮುಖ ನೋಡಿ, ಮತ್ತೆ ಡಿಸ್ಕ್ ನೋಡಿದಳು. "ಸದ್ಯ, ಹೂವು ಮುಡಿಸಲಿಲ್ಲವಲ್ಲ" ಎಂದಳು. ಮೆತ್ತನೆ ಬಟ್ಟೆಯಿಂದ ಅವಳೇ ಒರೆಸಿ ಮತ್ತೆ ಹಾಕಿದಳು. ಈಗ ಸಿನಿಮಾ ಎಣ್ಣೆಯಂತೆ ಓಡಿತು. ಜೊಂಡಿನ ಬಯಲು ಬಂತು. ಇಬ್ಬರೂ ನಿಂತರು. ಕೊಕ್ಕರೆ ಹಾರಿ ಹೋಯಿತು. ಒಂದೆರಡು ಉಸಿರು, ಅಷ್ಟೇ. ಆಮೇಲೆ ಆ ಮುದಿಯ, ನನ್ನ ಬೆಟ್ಟದಂಥ ಮುದಿಯ, ಕಪ್ಪೆಯಂತೆ ಚಂಗನೆ ಹಾರಿ ಹೊಡೆದ!

ಫೋನಿನಲ್ಲಿ ಕಡಲೆಕಾಯಿ ಬೀಜ ಹಾರಿದ್ದು ನನಗೆ ಕಂಡಿರಲಿಲ್ಲ.

"ಹಾರಿದನಲ್ರೀ!" ಎಂದಳು ರತ್ನ.

"ಹಾರಿದ" ಎಂದೆ.

"ಅಪ್ಪ ಊರವರ ಮುಂದೆ ಸುಮ್ನೆ ನಿಂತ್ರೆ ಏನಂತಾರೆ? ಮಾತು ಮರೆತ್ರು, ವಯಸ್ಸಾಯ್ತು ಅಂತಾರೆ. ಗದೆ ಹೋಗೋದಲ್ಲದೆ ನಗೆಪಾಟಲು ಬೇರೆ. ಹೋಗಿ ನಿಜ ಹೇಳಿ. ಫೋನಲ್ಲಿ ಬೇಡ, ಮುಖ ನೋಡಿ ಹೇಳಿ."

ಭಾನುವಾರ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬೇಗ ಹೊರಟೆ. ಬೈಕು ದಾರಿಯಲ್ಲಿ ಪಂಚರ್ ಆಯಿತು. ಪಂಚರ್ ಹಾಕುವವನು ಟೀ ಕುಡಿಯಲು ಹೋಗಿದ್ದ. ಬೈಕನ್ನು ಅಲ್ಲೇ ಬಿಟ್ಟು ಬಸ್ಸಿಗೆ ಕೈ ತೋರಿಸಿದೆ, ಹತ್ತಿದ ಮೇಲೆ ಗೊತ್ತಾಯಿತು, ಅದು ನಂಜನಗೂಡಿಗೆ ವಾಪಸ್ ಹೋಗುತ್ತಿದೆ ಎಂದು! ಇಳಿದು, ಇನ್ನೊಂದು ಹಿಡಿದು, ಬೆವರು ಸುರಿಸುತ್ತಾ ತಾಲೀಮಿನ ಮನೆ ತಲುಪಿದಾಗ ಹಾರ್ಮೋನಿಯಂ ಏರುತ್ತಿತ್ತು. ಮಾವನ ಪ್ರವೇಶದ ಮಟ್ಟು. ತಡವಾಗಿತ್ತು.

ಹಾಲ್ ತುಂಬ ಜನ. ನಂಜುಂಡ ನಡುವೆ ನಿಂತು ಹೆಗಲು ಕುಣಿಸುತ್ತಿದ್ದ. ಒಳಬಾಗಿಲಿಂದ ಮಾವ ಬಂದರು. ಹಾರಲಿಲ್ಲ. ನಡೆದು ಬಂದು, ಗದೆಯನ್ನು ಹೆಗಲಿಂದ ಇಳಿಸಿ ನೆಲಕ್ಕೆ ಊರಿ, ನಂಜುಂಡನನ್ನು ನೋಡುತ್ತಾ ನಿಂತರು.

ಮೇಷ್ಟ್ರು ಮಟ್ಟನ್ನು ಇನ್ನೊಮ್ಮೆ ನುಡಿಸಿದರು. ಮಾವ ನಿಂತಿದ್ದರು. ಮಾತು ಮರೆತರೇನೋ ಎಂದು ಮೇಷ್ಟ್ರು ಮೊದಲ ಸಾಲನ್ನು ಮೆಲ್ಲಗೆ ಹೇಳಿಕೊಟ್ಟರು. ಮಾವ ನಿಂತಿದ್ದರು. ಹಿಂದೆ ಯಾರೋ ಕಿಸಕ್ಕೆಂದರು. ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಕುಂಕುಮ ಒಂದು ಸಂಸಾರದ ಮಾನ ಕಳೆಯಿತಲ್ಲ ಶಿವನೇ!

ಆ ಕಿಸಕ್ಕು ಮುಂದುವರಿಯಲಿಲ್ಲ. ಕಣ್ಣು ತೆರೆದೆ. ಹಾರ್ಮೋನಿಯಂ ತಾನಾಗಿ ನಿಂತಿತ್ತು. ಇಡೀ ಹಾಲ್ ಉಸಿರು ಹಿಡಿದಿತ್ತು. ಮಾವನ ಕಣ್ಣು ಮಾತ್ರ ಉರಿಯುತ್ತಿತ್ತು. ನಂಜುಂಡ ಹೆಗಲು ಕುಣಿಸುವುದನ್ನು ನಿಲ್ಲಿಸಿದ. ನಕ್ಕ. ನಗು ಇಳಿಯಿತು. ಗದೆಯ ಕೈ ಬದಲಾಯಿಸಿದ. ಕೊನೆಗೆ ಯಾರೂ ತಳ್ಳದೆ, ಯಾರೂ ಹೊಡೆಯದೆ, ತಾನಾಗಿ ಒಂದು ಹೆಜ್ಜೆ ಹಿಂದಿಟ್ಟು ಹಿಂದಿದ್ದ ತಬಲದ ಮೇಲೆ ಕೂತುಬಿಟ್ಟ!

"ವನ್ಸ್ ಮೋರ್!" ಎಂದು ಸೂರು ಕಿತ್ತುಹೋಗುವಂತೆ ಜನ ಕೂಗಿದರು.

ಮಾವ ಒಳಗೆ ಹೋದರು, ಮತ್ತೆ ಬಂದರು, ಮತ್ತೆ ನಿಂತರು. ನಂಜುಂಡ ಈ ಸಲ ತಬಲ ನೋಡಿಕೊಂಡು ಹಿಂದೆ ಸರಿದ. ಆಮೇಲೆ ಅವನೇ ಬಂದು ಮಾವನ ಕಾಲು ಮುಟ್ಟಿ, "ಗದೆ ನಿಮ್ಮದೇ ಕಣಣ್ಣೋ. ನಿಮ್ಮ ಎದುರ್ಗೆ ನಿಲ್ಲಕ್ಕೇ ನನ್ ಕೈಲಾಗ್ನಿಲ್ಲ, ಇನ್ನು ನಿಮ್ಮ ಜಾಗದಲ್ಲಿ ನಿಂತ್ಕಂಡನಾ?" ಎಂದ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, "ಯಜಮಾನ್ರೇ, ಹಾರದ್ ಬ್ಯಾಡ. ಇದನ್ನೇ ಮಡಿಕ್ಕಳಿ" ಎಂದರು. ನನ್ನ ಕಣ್ಣಲ್ಲಿ ನೀರು ಬಂದಿದ್ದನ್ನು ಬೆವರಿನ ಲೆಕ್ಕಕ್ಕೆ ಹಾಕಿ ಒರೆಸಿಕೊಂಡೆ.

ಸಂಜೆ ಮಾವನೊಡನೆ ಹೊಳೆದಂಡೆಯ ಕಡೆ ನಡೆದು ಹೋಗುವಾಗಲೂ ಡಿಸ್ಕ್ ಚೀಲದಲ್ಲೇ ಇತ್ತು. ಹೇಳುವುದೋ ಬೇಡವೋ? ಗೆದ್ದಾಯಿತಲ್ಲ, ಇನ್ನೇಕೆ ಹೇಳಬೇಕು ಎಂದು ಮನಸ್ಸು. ಮುಖ ನೋಡಿ ಹೇಳಿ ಎಂದು ರತ್ನ. ಅಷ್ಟರಲ್ಲಿ ಗದ್ದೆಯಿಂದ ಕೊಕ್ಕರೆಯೊಂದು ಎದ್ದು ನಮ್ಮ ತಲೆಯ ಮೇಲೇ ಹಾರಿತು. ಮಾವ ನಿಂತು ನೋಡಿದರು.

"ಅಳಿಯಂದ್ರೆ, ಹುಟ್ಟಿದಾಗಿಂದ ಕೊಕ್ಕರೆ ನೋಡಿವ್ನಿ. ರೆಕ್ಕೆ ಎತ್ಕಂಡು ಆಕಾಸದಲ್ಲಿ ಸುಮ್ನೆ ನಿಂತಿದ್ದ ಕೊಕ್ಕರೆನ ನಿಮ್ಮ ಮನೇಲೇ ಕಂಡಿದ್ದು."

"ಮಾವ, ಹಾಗಾದರೆ ನಿಮಗೆ..."

"ಸಿದ್ದರಾಜು ಹೇಳಕ್ಕೆ ಮುಂಚೆಯೇ ಗೊತ್ತಾಯ್ತು. ಪಿಚ್ಚರ್ ನಿಂತೋಗಿದೆ ಅಂತ."

"ಮತ್ತೆ ಬೇಷ್ ಅಂದ್ರಲ್ಲ?"

"ಪಿಚ್ಚರ್‌ಗೆ ಅಂದ್ನಾ? ನಿಮಗೆ ಕಣ್ರೀ ಅಂದಿದ್ದು!" ಎಂದು ಮಾವ ನನ್ನ ಬೆನ್ನಿನ ಮೇಲೆ ಕೈ ಇಟ್ಟರು. "ಪಿಚ್ಚರ್ ನಿಂತೋದ್ರೂ ನೀವು ನಿಲ್ಲಿಸ್ನಿಲ್ಲ. ಬೆವರ್ತಾ ಇದ್ರಿ, ನಡುಗ್ತಾ ಇದ್ರಿ, ಆದ್ರೂ ಮಾತು ಬುಡ್ನಿಲ್ಲ. ಅವತ್ತು ಒಂದೇ ಮಾತು ಮರ್ತು ಭರ್ಜಿ ಇಡ್ಕಂಡು ನಿಂತಿದ್ದ ಉಡುಗ ಇವನೇನಾ ಅನ್ನಿಸ್ತು. ಈ ಮುದುಕನ ಮಂಡಿಗೋಸ್ಕರ ಇಷ್ಟು ಒದ್ದಾಡ್ತವ್ನಲ್ಲ ಅಂತ ಒಟ್ಟೆ ತುಂಬೋಯ್ತು. ನಿಲ್ಲೋ ವಿಚಾರ ಅವತ್ತೇ ಹೊಳೀತು. ಆ ಜಪಾನಿನವನಿಂದ ಅಲ್ಲ, ನಿಮ್ಮ ಭಾಸಣದಿಂದ."

'ಅಪ್ಪಣೆ, ಪ್ರಭು' ಎಂದಾದರೂ ಅನ್ನಬಹುದಿತ್ತು. ಅದೂ ನೆನಪಾಗಲಿಲ್ಲ.

ಕೊಂಚ ದೂರ ಹೋದ ಮೇಲೆ, ತಡೆಯಲಾರದೆ ಕೇಳಿದೆ: "ಹಾಗಾದರೆ ವನ್ಸ್ ಮೋರ್ ಅಂದಿದ್ದು?"

"ಅದು ಕೀಟ್ಲೆಗೆ" ಎಂದರು ಮಾವ ಗಂಭೀರವಾಗಿ. "ಬರೋ ಭಾನುವಾರ ಬತ್ತೀನಿ. ಕೆಡದಂಗೆ ಪೂರ್ತಿ ಪಿಚ್ಚರ್ ನೋಡನ. ಆ ಕೊಕ್ಕರೆ ಎಲ್ಲಿಗೋಯ್ತದೆ ಅಂತ ನೋಡ್ಬೇಕು."

"ಖಂಡಿತ ಮಾವ. ಈಗ ಡಿಸ್ಕ್ ಚೊಕ್ಕಟವಾಗಿದೆ. ಒಂದು ಗೀರಿಲ್ಲ, ನಾನೇ ನೋಡಿದ್ದೇನೆ."

ಮಾವ ನನ್ನ ಪಂಚೆಯ ತುದಿಯನ್ನು ನೋಡಿದರು. ಎಷ್ಟು ಒಗೆದರೂ ಹೋಗದ ಕುಂಕುಮದ ಕಲೆ ಅಲ್ಲಿತ್ತು.

"ಸಂತೋಸ" ಎಂದರು. "ಪೂಜೆ ಮಾತ್ರ ರತ್ನಿ ಮಾಡ್ಲಿ."